ಆಣೆಯ ಬೇರು

1926ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದು ವಾಷಿಂಗ್ಟನ್ನಿನಲ್ಲಿ ಒಂದು ವಿಚಾರಣೆ ನಡೆಸಿತು. ರಾಜಧಾನಿಯಲ್ಲಿ ದುಡ್ಡು ತೆಗೆದುಕೊಂಡು ಭವಿಷ್ಯ ಹೇಳುವ ನಟನೆಯನ್ನು ಅಪರಾಧವೆಂದು ಸಾರುವ ಮಸೂದೆ ಅದರ ಮುಂದಿತ್ತು. ಸಿಕ್ಕಿಬಿದ್ದವರಿಗೆ 250 ಡಾಲರ್‌ವರೆಗೆ ದಂಡ, ಇಲ್ಲವೇ ಆರು ತಿಂಗಳು ಸೆರೆಮನೆ. ಮಸೂದೆಯ ಪರವಾಗಿ ಸಾಕ್ಷಿ ಹೇಳಲು ಬಂದವನು ಹ್ಯಾರಿ ಹೌಡಿನಿ. ಬೇಡಿ, ಬೀಗ, ಪೆಟ್ಟಿಗೆಗಳಿಂದ ಬಿಡಿಸಿಕೊಂಡು ಜಗತ್ತನ್ನೇ ಬೆರಗುಗೊಳಿಸಿದ ಜಾದೂಗಾರ. ಕೋಣೆಯಲ್ಲಿ ಊರಿನ ಜ್ಯೋತಿಷಿಗಳೂ, ಸತ್ತವರನ್ನು ಮಾತಾಡಿಸುತ್ತೇವೆ ಎನ್ನುವವರೂ ತುಂಬಿಹೋಗಿದ್ದರು. ಹೌಡಿನಿ ಒಂದು ತಂತಿಯ ಕಾಗದವನ್ನು ಮುದ್ದೆ ಮಾಡಿ ಅವರ ಮುಂದೆ ಎಸೆದು, ಇದರಲ್ಲಿ ಏನಿದೆ ಹೇಳಿ ಎಂದು ಕೇಳಿದ. ನಿಜವಾದ ಶಕ್ತಿಯನ್ನು ತೋರಿಸಿದವರಿಗೆ 10,000 ಡಾಲರ್ ಕೊಡುವುದಾಗಿಯೂ ಸಾರಿದ. ಆ ಹಣ ಯಾರ ಕೈಗೂ ಹೋಗಲಿಲ್ಲ. ಮಸೂದೆಯೂ ಕಾನೂನಾಗಲಿಲ್ಲ. ಅದೇ ವರ್ಷದ ಅಕ್ಟೋಬರ್ 31ರಂದು ಹೌಡಿನಿ ತೀರಿಕೊಂಡ. ಉಯಿಲಿನ ಪ್ರಕಾರ ಅವನ ಸುಮಾರು 4,000 ಪುಸ್ತಕಗಳು ಮರುವರ್ಷ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದವು.

ಆ ಕೋಣೆಯಲ್ಲಿ ಎದುರುಬದುರಾಗಿ ಕುಳಿತ ಇಬ್ಬರಿಗೂ, ಹೌಡಿನಿಗೂ ಅವನು ಮೋಸಗಾರರೆಂದು ಜರೆದವರಿಗೂ, ಹಳೆಯ ಇಂಗ್ಲಿಷಿನಲ್ಲಿ ಒಂದೇ ಹೆಸರು ಸಲ್ಲುತ್ತಿತ್ತು. ಅದು ಕಾಂಜರರ್. ಇವತ್ತು ಅಮೆರಿಕದ ಮಕ್ಕಳ ಹುಟ್ಟುಹಬ್ಬದಲ್ಲಿ ಟೋಪಿಯಿಂದ ಮೊಲ ತೆಗೆಯುವವನನ್ನು ಯಾರೂ ಹಾಗೆ ಕರೆಯುವುದಿಲ್ಲ, ಅವನು ಮೆಜಿಷಿಯನ್. ಕಾಂಜರರ್ ಎಂಬುದು ಅಲ್ಲಿನ ವೇದಿಕೆಯಿಂದ ಇಳಿದುಹೋದ ಮಾತು. ಆದರೆ ವಾಷಿಂಗ್ಟನ್ನಿನಿಂದ ದಕ್ಷಿಣಕ್ಕೆ ಇಳಿದು ವರ್ಜೀನಿಯಾ ದಾಟಿ ಕ್ಯಾರೊಲಿನಾಗಳ ಕಡಲಂಚಿಗೆ ಬಂದರೆ ಅದೇ ಮಾತಿಗೆ ಬೇರೊಂದು ಬದುಕೇ ಇದೆ.

ಕೈಚಳಕದವನಿಗೆ ಇಂಗ್ಲಿಷಿನಲ್ಲಿ ಹೆಸರುಗಳಿಗೆ ಬರವಿರಲಿಲ್ಲ. ಹದಿನಾಲ್ಕನೆಯ ಶತಮಾನದ ಕವಿ ಚಾಸರ್ ಅವನನ್ನು ಟ್ರೆಜಿಟೂರ್ ಎಂದು ಕರೆದ. ಅವನ ಕಾವ್ಯದಲ್ಲಿ ಅಂಥವನೊಬ್ಬ ಅಕ್ರೋಟಿನ ಚಿಪ್ಪಿನಡಿ ಇಡೀ ಗಾಳಿಗಿರಣಿಯನ್ನು ಅಡಗಿಸುತ್ತಾನೆ. ಹಳೆಯ ಫ್ರೆಂಚಿನಿಂದ ಬಂದ ಆ ಮಾತು ಈಗ ಪೂರ್ತಿ ಸತ್ತಿದೆ, ನಿಘಂಟಿನಲ್ಲಿ ಹುಡುಕಿದರೆ ಮಾತ್ರ ಸಿಗುತ್ತದೆ. ಜಗ್ಲರ್ ಎಂಬುದೂ ಒಂದು ಕಾಲದಲ್ಲಿ ಕಣ್ಕಟ್ಟಿನವನ ಹೆಸರಾಗಿತ್ತು. ಅದರ ಮೂಲ ವಿದೂಷಕ ಎಂಬರ್ಥದ ಲ್ಯಾಟಿನ್ ಪದ. ಈಗ ಅದು ಚೆಂಡುಗಳನ್ನು ಸರದಿಯಲ್ಲಿ ಎಸೆದು ಹಿಡಿಯುವವನಿಗಷ್ಟೇ ಉಳಿದಿದೆ. ಇವೆರಡೂ ಆಟಕ್ಕೆ ಸಂಬಂಧಿಸಿದವು. ಕಾಂಜರರ್ ಹಾಗಲ್ಲ. ಅದರ ಬೇರು ಲ್ಯಾಟಿನ್ನಿನ ಕಾನ್ ಮತ್ತು ಯುರಾರೆ. ಕಾನ್ ಎಂದರೆ ಕೂಡಿ, ಯುರಾರೆ ಎಂದರೆ ಆಣೆ ಮಾಡು. ನ್ಯಾಯಾಲಯದ ಜೂರಿಯೂ ಅದೇ ಬೇರಿನಿಂದ ಚಿಗುರಿದ್ದು. ಎಲ್ಲರೂ ಕೂಡಿ ಆಣೆ ಮಾಡುವುದು, ಅಂದರೆ ಪಿತೂರಿ, ಈ ಮಾತಿನ ಮೊದಲ ಅರ್ಥ. ಪವಿತ್ರವಾದದ್ದೊಂದರ ಆಣೆಯಿಟ್ಟು ದೆವ್ವವನ್ನು ಕಟ್ಟಿಹಾಕುವುದು ಆಮೇಲೆ ಬಂದ ಅರ್ಥ. ಅಂಥ ಆಣೆಯಿಡಬಲ್ಲವನೇ ಕಾಂಜರರ್.

ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಆಣೆ ಎಂಬ ಮಾತು ಆಜ್ಞೆಯ ತದ್ಭವ. ಅದರಲ್ಲಿ ಅಪ್ಪಣೆಯೂ ಇದೆ, ಪ್ರಮಾಣವೂ ಇದೆ. ಮಗು ದೇವರಾಣೆ ಎನ್ನುವಾಗ ಅದು ಪ್ರಮಾಣ. ಮಂತ್ರವಾದಿ ಗುರುವಿನಾಣೆ ಎಂದು ಗದರಿ ದೆವ್ವವನ್ನು ಇಳಿಸುವಾಗ ಅದು ಅಪ್ಪಣೆ. ಕಾಸರಗೋಡಿನ ಕಾನತ್ತೂರಿನಲ್ಲೋ ಧರ್ಮಸ್ಥಳದಲ್ಲೋ ಆಣೆಗೆ ಕರೆದರೆ ಕೋರ್ಟಿನಲ್ಲಿ ಸಲೀಸಾಗಿ ಸುಳ್ಳು ಹೇಳಿದವನೂ ತಡವರಿಸುತ್ತಾನೆ. ಮಾತಿನಿಂದ ಕಟ್ಟಬಹುದು, ಮನುಷ್ಯನನ್ನೂ ಕಾಣದ ಶಕ್ತಿಯನ್ನೂ ಒಂದೇ ಹಗ್ಗದಿಂದ ಕಟ್ಟಬಹುದು ಎಂಬ ನಂಬಿಕೆ ಅದು. ಲ್ಯಾಟಿನ್ನಿನವರೂ ಅದನ್ನೇ ನಂಬಿದ್ದರು.

ಇಂಗ್ಲೆಂಡಿನ ಕಾನೂನೂ ನಂಬಿತ್ತು. ದೆವ್ವಗಳನ್ನು ಕರೆಯುವವರಿಗೆ 1604ರ ಕಾಯ್ದೆ ಮರಣದಂಡನೆ ವಿಧಿಸಿತ್ತು. 1735ರಲ್ಲಿ ಅದು ರದ್ದಾಗಿ ಹೊಸ ಕಾಯ್ದೆ ಬಂತು. ಮಾಟ ಮಾಡುವುದು ಅಪರಾಧವೆಂಬುದು ಹೋಗಿ, ಮಾಟ ಬರುತ್ತದೆಂದು ನಟಿಸುವುದು ಅಪರಾಧವಾಯಿತು. ಕಾಂಜರರನ ಪಾಲಿಗೆ ದೊಡ್ಡ ತಿರುವು ಇದೇ. ಭಯಂಕರನಾಗಿದ್ದವನು ಒಮ್ಮೆಲೇ ಠಕ್ಕನಾದ, ಠಕ್ಕನಾದ ಮೇಲೆ ಜಾತ್ರೆಯಲ್ಲಿ ಟಿಕೆಟ್ ಮಾರಿ ರಂಜಿಸುವುದೇನೂ ಕಷ್ಟವಿರಲಿಲ್ಲ. ಲಂಡನ್ನಿನ ಬಾರ್ತಲೋಮ್ಯೂ ಜಾತ್ರೆಯಲ್ಲಿ ಐಸಾಕ್ ಫಾಕ್ಸ್ ಎಂಬವನು ಬರಿಯ ಚೀಲದಿಂದ ಮೊಟ್ಟೆ, ನಾಣ್ಯಗಳನ್ನು ಸುರಿಸಿ ದುಡ್ಡು ಮಾಡಿದ್ದು ಇದಕ್ಕೆ ಕೆಲವೇ ವರ್ಷ ಮೊದಲು. ವಾಷಿಂಗ್ಟನ್ನಿನ ಮಸೂದೆಯಲ್ಲಿ ಇದ್ದದ್ದೂ 1735ರ ತರ್ಕವೇ. ಕರ್ನಾಟಕದ 2017ರ ವಾಮಾಚಾರ ತಡೆ ಕಾಯ್ದೆ ಚರ್ಚೆಗೆ ಬಂದಾಗ ನಾವೂ ಇದೇ ಪ್ರಶ್ನೆಯ ಸುತ್ತ ಜಗಳವಾಡಿದೆವು. ನಂಬಿಕೆಗೆ ಶಿಕ್ಷೆ ಕೊಡಲಾಗದು, ವಂಚನೆಗೆ ಕೊಡಬಹುದು. ಆದರೆ ಎರಡರ ನಡುವೆ ಗೆರೆ ಎಳೆಯುವವರು ಯಾರು?

ದಕ್ಷಿಣ ಕ್ಯಾರೊಲಿನಾ 1712ರಲ್ಲಿ ಇಂಗ್ಲೆಂಡಿನ ಹಲವು ಕಾಯ್ದೆಗಳನ್ನು ಹಾಗೆಯೇ ತನ್ನದಾಗಿಸಿಕೊಂಡಾಗ 1604ರದ್ದೂ ಅದರಲ್ಲಿ ಸೇರಿತ್ತು. ಆದರೆ ಆ ನೆಲದಲ್ಲಿ ಕಾಂಜರ್ ಎಂಬ ಮಾತು ಬೇರೂರಿದ್ದು ಗುಲಾಮರಾಗಿ ಬಂದ ಆಫ್ರಿಕನ್ನರ ಬಾಯಲ್ಲಿ. ಅಂಗೋಲಾ, ಕಾಂಗೋ, ಸಿಯೆರಾ ಲಿಯೋನ್ ಕಡೆಗಳಿಂದ ಹಿಡಿದು ತಂದ ಜನ ತಮ್ಮ ಬೇರು, ಸೊಪ್ಪು, ಮೂಳೆ, ಮಣ್ಣಿನ ವಿದ್ಯೆಯನ್ನು ತಲೆಯಲ್ಲಿ ಹೊತ್ತು ತಂದಿದ್ದರು. ಹೆಸರು ಮಾತ್ರ ಒಡೆಯರ ಭಾಷೆಯಿಂದ ಸಿಕ್ಕಿತು. ಅಲ್ಲಿನವರ ಉಚ್ಚಾರಣೆಯಲ್ಲಿ ಅದು ಕಂಜರ್. ಕಂಜರ್ ಮಾಡುವವನು ಕಂಜರ್ ಮ್ಯಾನ್, ಮಾಡುವವಳು ಕಂಜರ್ ವುಮನ್. ಆ ಆಫ್ರಿಕನ್ನರ ಸಂತತಿಯವರಾದ ಕಡಲಂಚಿನ ಗಲ್ಲಾ ಜನರಲ್ಲಿ ಇನ್ನೂ ಸರಳವಾದ ಮಾತು ರೂಟ್, ಬೇರು. ಅವನ ಮೇಲೆ ರೂಟ್ ಹಾಕಿದ್ದಾರೆ ಎಂದರೆ ನಮ್ಮ ಹಳ್ಳಿಯವರು ಮದ್ದು ಹಾಕಿದ್ದಾರೆ ಎಂದ ಹಾಗೆಯೇ. ಕಾಯಿಲೆ ಕಳೆಯುವುದಕ್ಕೂ ಕೇಡು ಮಾಡುವುದಕ್ಕೂ ನಮ್ಮಲ್ಲಿ ಮದ್ದು ಎಂಬ ಒಂದೇ ಪದವಿದ್ದಂತೆ ಅವರಲ್ಲಿ ಬೇರು.

ಈ ಎರಡು ಮುಖಗಳನ್ನು ದಕ್ಷಿಣ ಕ್ಯಾರೊಲಿನಾದ ಸರ್ಕಾರ ಎರಡೇ ವರ್ಷಗಳಲ್ಲಿ ಕಂಡಿತು. ಸೀಸರ್ ಎಂಬ ಗುಲಾಮನಿಗೆ ವಿಷಕ್ಕೆ ಪ್ರತಿಮದ್ದು ಗೊತ್ತಿತ್ತು. ಅದರಲ್ಲಿ ಮುಖ್ಯವಾಗಿ ಎರಡು ಗಿಡಗಳ ಬೇರು. 1750ರಲ್ಲಿ ವಸಾಹತಿನ ಸಭೆ ಆ ಗುಟ್ಟನ್ನು ಅವನಿಂದ ಪಡೆದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿ, ಪ್ರತಿಯಾಗಿ ಅವನಿಗೆ ಬಿಡುಗಡೆಯನ್ನೂ ಬದುಕಿರುವವರೆಗೆ ವರ್ಷಕ್ಕೆ 100 ಪೌಂಡನ್ನೂ ಕೊಟ್ಟಿತು. ಮರುವರ್ಷ, 1751ರಲ್ಲಿ, ಅದೇ ಸಭೆ ವಿಷದ ಭಯಕ್ಕೆ ಬಿದ್ದು ಗುಲಾಮರು ಮದ್ದು ಕೊಡುವುದನ್ನೂ ಮದ್ದಿನ ವಿದ್ಯೆಯನ್ನು ಒಬ್ಬರಿಗೊಬ್ಬರು ಕಲಿಸುವುದನ್ನೂ ನಿಷೇಧಿಸಿತು. ವಿದ್ಯೆಯ ಬೆಲೆ ಗೊತ್ತಿತ್ತು, ವಿದ್ಯೆ ಗೊತ್ತಿದ್ದವರ ಭಯವೂ ಇತ್ತು.

ನನಗೆ ಇದಕ್ಕಿಂತಲೂ ಮುಖ್ಯವೆನಿಸುವುದು ಇನ್ನೊಂದು ಕಾನೂನು. 1740ರ ನೀಗ್ರೋ ಕಾಯ್ದೆಯ ಪ್ರಕಾರ ಗುಲಾಮನು ಗುಲಾಮರ ಇಲ್ಲವೇ ಬಿಳಿಯರಲ್ಲದವರ ಮೊಕದ್ದಮೆಯಲ್ಲಿ ಮಾತ್ರ ಸಾಕ್ಷಿ ನುಡಿಯಬಹುದಿತ್ತು, ಅದೂ ಪ್ರಮಾಣವಚನವಿಲ್ಲದೆ. ಬಿಳಿಯನ ವಿರುದ್ಧ ಅವನ ಮಾತಿಗೆ ಬೆಲೆಯೇ ಇಲ್ಲ. ಆಣೆ ಮಾಡುವ ಯೋಗ್ಯತೆ ಇವರಿಗಿಲ್ಲ ಎಂದು ಕಾನೂನೇ ಬರೆದಿಟ್ಟಿತು. ಆಣೆ ಎಂಬ ಅರ್ಥದಿಂದಲೇ ಹುಟ್ಟಿದ ಕಾಂಜರ್ ಎಂಬ ಮಾತನ್ನು ಶತಮಾನಗಳ ಕಾಲ ಪೂರ್ಣ ಗಾಂಭೀರ್ಯದಿಂದ ಉಳಿಸಿಕೊಂಡವರು ಅವರೇ.

ಗಲ್ಲಾ ಜ್ಯಾಕ್‌ನ ಕಥೆಯಲ್ಲಿ ಇದು ಢಾಳಾಗಿ ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜಾಂಜಿಬಾರ್‌ನಲ್ಲಿ ಅವನನ್ನು ಕೊಂಡ ವ್ಯಾಪಾರಿ ಜೆಫನಾಯಾ ಕಿಂಗ್ಸ್‌ಲಿ ಬರೆದಿಟ್ಟ ಪ್ರಕಾರ ಜ್ಯಾಕ್ ತನ್ನ ನಾಡಿನಲ್ಲಿ ಪೂಜಾರಿ. ಹಡಗು ಹತ್ತುವಾಗ ತನ್ನ ವಿದ್ಯೆಯ ಸಾಮಾನುಗಳನ್ನು ಒಂದು ಚೀಲದಲ್ಲಿ ತಂದಿದ್ದ, ಆ ಚೀಲವನ್ನು ಎಂದೂ ಬಿಟ್ಟುಕೊಡಲಿಲ್ಲ. ಮೈಮೇಲಿನ ಬಟ್ಟೆಯನ್ನೂ ಹೆಸರನ್ನೂ ಕಿತ್ತುಕೊಳ್ಳುತ್ತಿದ್ದ ಆ ಹಡಗುಗಳಲ್ಲಿ ಒಂದು ಚೀಲ ಉಳಿದದ್ದೇ ದೊಡ್ಡದು. ಚಾರ್ಲ್‌ಸ್ಟನ್‌ನಲ್ಲಿ ಹಡಗು ಕಟ್ಟುವ ಪ್ರಿಚರ್ಡ್ ಎಂಬವನ ಗುಲಾಮನಾಗಿದ್ದ ಅವನನ್ನು ಊರು ಜ್ಯಾಕ್ ದಿ ಕಾಂಜರರ್ ಎಂದೇ ಕರೆಯುತ್ತಿತ್ತು.

1822ರಲ್ಲಿ ಅದೇ ಊರಿನ ಡೆನ್ಮಾರ್ಕ್ ವೇಸಿ ಎಂಬ ಬಡಗಿ ಬಂಡಾಯ ಹೂಡಿದನೆಂಬ ಆರೋಪ ಬಂತು. ವೇಸಿ 1799ರಲ್ಲಿ ಲಾಟರಿಯಲ್ಲಿ ಗೆದ್ದ ಹಣದಿಂದ ತನ್ನ ಬಿಡುಗಡೆಯನ್ನು ತಾನೇ ಕೊಂಡಿದ್ದವನು, ಬೈಬಲ್ ಓದಿಕೊಂಡವನು. ಅವನಿಗೆ ಬೈಬಲ್ ಇದ್ದಂತೆ ಜ್ಯಾಕ್‌ನಿಗೆ ಚೀಲ. ವಿಚಾರಣೆಯಲ್ಲಿ ದಾಖಲಾದ ಸಾಕ್ಷ್ಯದ ಪ್ರಕಾರ ಜ್ಯಾಕ್ ತನ್ನವರಿಗೆ ಏಡಿಯ ಕೊಂಬುಗಳನ್ನು ಹಂಚಿದ. ಆ ದಿನ ಹುರಿದ ಜೋಳ ಮತ್ತು ಕಡಲೆಕಾಯಿ ಬಿಟ್ಟು ಬೇರೇನೂ ತಿನ್ನಬೇಡಿ, ನಮ್ಮ ಜೊತೆ ಸೇರುವಾಗ ಏಡಿಯ ಕೊಂಬನ್ನು ಬಾಯಲ್ಲಿಟ್ಟುಕೊಳ್ಳಿ, ಗಾಯವಾಗದು ಎಂದ. ಒಂದು ಕೋಳಿಯನ್ನು ಅರೆಬೇಯಿಸಿ ಎಲ್ಲರೂ ಹರಿದು ಹಂಚಿಕೊಂಡು ತಿಂದರು, ಒಗ್ಗಟ್ಟಿನ ಗುರುತಾಗಿ. ಕೂಡಿ ಮಾಡುವ ಆಣೆ ಎಂದರೆ ಇದೇ ಅಲ್ಲವೇ! ಲ್ಯಾಟಿನ್ ನಿಘಂಟನ್ನು ಎಂದೂ ಕಾಣದ ಒಬ್ಬ ಮನುಷ್ಯ ಆ ಪದದ ಎರಡು ಅರ್ಥಗಳನ್ನೂ, ಪಿತೂರಿಯನ್ನೂ ಮಂತ್ರವನ್ನೂ, ಒಂದೇ ಊಟದಲ್ಲಿ ಕೂಡಿಸಿದ್ದ.

ಈ ದಾಖಲೆಯನ್ನು ಎಚ್ಚರದಿಂದ ಓದಬೇಕು. ಸಾಕ್ಷಿಗಳು ಸೆರೆಯಲ್ಲಿದ್ದವರು, ಹೆದರಿದವರು, ಪ್ರಾಣ ಉಳಿಸಿಕೊಳ್ಳಲು ಮಾತಾಡಿದವರು. ಅಷ್ಟು ದೊಡ್ಡ ಸಂಚೇ ಇರಲಿಲ್ಲ, ಅದು ನ್ಯಾಯಾಧೀಶರ ಭಯದಿಂದ ಹುಟ್ಟಿದ್ದು ಎಂದು ವಾದಿಸುವ ಇತಿಹಾಸಕಾರರೂ ಇದ್ದಾರೆ. ಆದರೆ ಗಲ್ಲು ನಿಜ. ವೇಸಿಯನ್ನು ಜುಲೈ 2ರಂದು, ಜ್ಯಾಕ್‌ನನ್ನು ಜುಲೈ 12ರಂದು ನೇಣಿಗೇರಿಸಿದರು. ಒಟ್ಟು 35 ಮಂದಿ ಸತ್ತರು. ಜ್ಯಾಕ್‌ನಿಗೆ ಶಿಕ್ಷೆ ಓದುವಾಗ ನ್ಯಾಯಾಲಯ ಅವನ ತಾಯಿತಗಳನ್ನು ಹೆಸರಿಸಿ ಹೀಗಳೆಯಿತು, ಅವು ನಿನ್ನನ್ನು ಉಳಿಸಲಿಲ್ಲ ಎಂಬ ಧಾಟಿಯಲ್ಲಿ. ಠಕ್ಕು ಎಂದು ನಿಜಕ್ಕೂ ಅನ್ನಿಸಿದ್ದರೆ ನೇಣಿನ ಮುಂದೆ ಇಷ್ಟು ದೀರ್ಘವಾಗಿ ವಾದಿಸಬೇಕಿತ್ತೇ?

ಇಂಥದ್ದೇ ಇನ್ನೊಂದು ಕಥೆಗಾಗಿ ಮತ್ತೆ ವಾಷಿಂಗ್ಟನ್ನಿಗೆ ಬರಬೇಕು. ಅಲ್ಲಿನ ಅನಕೋಸ್ಟಿಯಾದಲ್ಲಿ ಗುಡ್ಡದ ಮೇಲೆ ಸೀಡರ್ ಹಿಲ್ ಎಂಬ ಮನೆಯಿದೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಅಮೆರಿಕದ ಬಹುದೊಡ್ಡ ವಾಗ್ಮಿಗಳಲ್ಲಿ ಒಬ್ಬನಾದ ಫ್ರೆಡರಿಕ್ ಡಗ್ಲಸ್ ಕೊನೆಯ ದಿನಗಳಲ್ಲಿ ಇದ್ದದ್ದು ಅಲ್ಲಿ. ಈಗ ಅದು ರಾಷ್ಟ್ರೀಯ ಸ್ಮಾರಕ. ಆ ಊರಿನ ಕನ್ನಡಿಗರು ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ಶ್ವೇತಭವನಕ್ಕೂ ಲಿಂಕನ್ ಸ್ಮಾರಕಕ್ಕೂ ತಪ್ಪದೆ ಕರೆದೊಯ್ಯುತ್ತಾರೆ. ಇಲ್ಲಿಗೂ ಕರೆದೊಯ್ಯಬೇಕು ಎಂಬುದು ನನ್ನ ಆಸೆ. ಡಗ್ಲಸ್‌ನ ಆತ್ಮಕಥೆಯಲ್ಲಿ ಒಂದು ಬೇರು ಬರುತ್ತದೆ. 1834ರಲ್ಲಿ, ಹದಿನಾರರ ಹುಡುಗ ಮೇರಿಲ್ಯಾಂಡ್‌ನ ಟಾಲ್ಬಟ್ ಕೌಂಟಿಯಲ್ಲಿ ಕೋವಿ ಎಂಬವನ ಜಮೀನಿನಲ್ಲಿದ್ದ. ಗುಲಾಮರ ಸೊಕ್ಕು ಮುರಿಯುವುದರಲ್ಲಿ ಕೋವಿ ಹೆಸರಾದವನು. ಏಟು ತಾಳದೆ ಹುಡುಗ ಕಾಡಿಗೆ ಓಡಿದ. ಸ್ಯಾಂಡಿ ಜೆಂಕಿನ್ಸ್ ಎಂಬ ಹಿರಿಯ ಗುಲಾಮ ಅವನನ್ನು ಮನೆಗೆ ಕರೆದು ಊಟ ಕೊಟ್ಟು, ಒಂದು ಬೇರನ್ನು ಕಿತ್ತು ಕೈಗಿಟ್ಟ. ಬಲಗಡೆಯೇ ಇಟ್ಟುಕೊಂಡಿರು, ಯಾವ ಬಿಳಿಯನೂ ನಿನಗೆ ಹೊಡೆಯಲಾರ ಎಂದ. ಹುಡುಗನಿಗೆ ನಂಬಿಕೆಯಿಲ್ಲ, ಆದರೂ ಇಟ್ಟುಕೊಂಡ. ಭಾನುವಾರ ಕೋವಿ ಮೆತ್ತಗೆ ಮಾತಾಡಿದ. ಸೋಮವಾರ ಹೊಡೆಯಲು ಬಂದಾಗ ಹುಡುಗ ಅವನ ಕುತ್ತಿಗೆ ಹಿಡಿದ, ಸುಮಾರು ಎರಡು ಗಂಟೆ ಗುದ್ದಾಟ ನಡೆಯಿತು. ಆಮೇಲೆ ಕೋವಿ ಅವನ ಮೈ ಮುಟ್ಟಲಿಲ್ಲ.

ಬೇರು ಕೆಲಸ ಮಾಡಿತೇ? ಇಂಥ ನಂಬಿಕೆ ತಿಳಿಯದವರದು ಎಂದು ಡಗ್ಲಸ್ ಬರೆದ. ಆದರೂ 1845ರ ಪುಸ್ತಕದಲ್ಲೂ 1855ರ ಪುಸ್ತಕದಲ್ಲೂ ಆ ಬೇರನ್ನು ಬಿಡಲಿಲ್ಲ. ಒಂಟಿ ಹುಡುಗನಿಗೆ ಒಬ್ಬ ಹಿರಿಯ ನೀನು ಏಟು ತಿನ್ನುವವನಲ್ಲ ಎಂದು ಹೇಳಿದ, ಆ ಮಾತನ್ನು ಕೈಗೆ ಸಿಗುವ ವಸ್ತುವಾಗಿ ಕೊಟ್ಟ. ನನಗೆ ಅದರ ಬಲ ಅಷ್ಟರಲ್ಲೇ ಕಾಣುತ್ತದೆ, ಅಷ್ಟು ಸಾಕೂ ಅನ್ನಿಸುತ್ತದೆ.

ಇಂಥ ವಸ್ತುಗಳು ಮಣ್ಣಿನಡಿಯೂ ಸಿಕ್ಕಿವೆ. ವಾಷಿಂಗ್ಟನ್ನಿನಿಂದ ಪೂರ್ವಕ್ಕೆ ಒಂದು ಗಂಟೆಯೊಳಗಿನ ದಾರಿ ಅನಾಪೊಲಿಸ್. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಚಾರ್ಲ್ಸ್ ಕ್ಯಾರಲ್‌ನ ಮನೆ ಅಲ್ಲಿದೆ. 1991ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಪುರಾತತ್ವ ತಂಡ ಅದರ ನೆಲಮಾಳಿಗೆಯಲ್ಲಿ ಅಗೆದಾಗ ಬೆಣಚುಕಲ್ಲಿನ ಹರಳುಗಳ ಗುಂಪೊಂದು ಸಿಕ್ಕಿತು. ಅವುಗಳ ಮೇಲೆ ಒಂದು ಬಟ್ಟಲನ್ನು ಬೋರಲು ಹಾಕಿದಂತಿತ್ತು. ಮೇಲಿನ ಕೋಣೆಗಳಲ್ಲಿ ಸ್ವಾತಂತ್ರ್ಯದ ಮಾತು ನಡೆದಿದ್ದ ಮನೆಯಲ್ಲಿ, ಕೆಳಗೆ ದುಡಿಯುತ್ತಿದ್ದವರು ತಮ್ಮ ಕಾವಲನ್ನು ನೆಲದಡಿ ಹೂತಿಟ್ಟಿದ್ದರು.

ಈ ಲೋಕಕ್ಕೆ ಕಥೆಯ ಘನತೆ ಕೊಟ್ಟವನು ಚಾರ್ಲ್ಸ್ ಚೆಸ್ನಟ್. ಉತ್ತರ ಕ್ಯಾರೊಲಿನಾದ ಫೇಯೆಟ್‌ವಿಲ್‌ನಲ್ಲಿ ಬೆಳೆದು ಅಲ್ಲಿನ ಕಪ್ಪು ಶಿಕ್ಷಕರ ತರಬೇತಿ ಶಾಲೆಯ ಮುಖ್ಯಸ್ಥನಾಗಿದ್ದವನು. ಆ ಶಾಲೆಯೇ ಇಂದಿನ ಫೇಯೆಟ್‌ವಿಲ್ ಸ್ಟೇಟ್ ವಿಶ್ವವಿದ್ಯಾಲಯ. 1899ರಲ್ಲಿ ಬಂದ ಅವನ ಸಂಕಲನದ ಹೆಸರೇ ‘ದಿ ಕಾಂಜರ್ ವುಮನ್’. ಅದರಲ್ಲಿ ಒಂದು ಕಥೆ ಆ ಸೀಮೆಯ ಸ್ಕಪರ್‌ನಾಂಗ್ ದ್ರಾಕ್ಷಿಯ ತೋಟದ್ದು. ಗುಲಾಮರು ಹಣ್ಣು ಕದಿಯುತ್ತಾರೆಂದು ಒಡೆಯ ಪೆಗ್ಗಿ ಎಂಬ ಕಾಂಜರ್ ಹೆಂಗಸಿಗೆ ಹತ್ತು ಡಾಲರ್ ಕೊಟ್ಟು ಬಳ್ಳಿಗಳಿಗೆ ಮಾಟ ಮಾಡಿಸುತ್ತಾನೆ. ತಿಳಿಯದೆ ಹಣ್ಣು ತಿಂದ ಮುದುಕ ಹೆನ್ರಿಯ ಜೀವ ಬಳ್ಳಿಗೆ ಅಂಟಿಕೊಳ್ಳುತ್ತದೆ. ವಸಂತದಲ್ಲಿ ಬಳ್ಳಿ ಚಿಗುರಿದರೆ ಅವನು ಯುವಕ, ಎಲೆ ಉದುರಿದರೆ ಮತ್ತೆ ಮುದುಕ. ಒಡೆಯ ಲೆಕ್ಕ ಹಾಕುತ್ತಾನೆ. ವಸಂತದಲ್ಲಿ 1,500 ಡಾಲರಿಗೆ ಮಾರುತ್ತಾನೆ, ಮೈ ಬಾಗಿದ ಮೇಲೆ ಅಗ್ಗಕ್ಕೆ ಕೊಳ್ಳುತ್ತಾನೆ, ವರ್ಷ ವರ್ಷವೂ. ಮಾಟಕ್ಕಿಂತ ಭೀಕರವಾದದ್ದು ಆ ಲೆಕ್ಕಪುಸ್ತಕ. ಮನುಷ್ಯನನ್ನು ಬೆಲೆಯಾಗಿ ಬದಲಿಸುವ ವಿದ್ಯೆಯೇ ಎಲ್ಲಕ್ಕಿಂತ ದೊಡ್ಡ ಕಣ್ಕಟ್ಟು ಎಂದು ಚೆಸ್ನಟ್ ಎಲ್ಲೂ ಹೇಳುವುದಿಲ್ಲ. ಹೇಳದೆಯೇ ಎದೆಗೆ ನಾಟಿಸುತ್ತಾನೆ.

ಅದೇ ವರ್ಷಗಳಲ್ಲಿ ಅಟ್ಲಾಂಟಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಡಬ್ಲ್ಯೂ.ಇ.ಬಿ. ಡುಬೊಯ್ಸ್ ಈ ವಿಷಯವನ್ನು ಸಮಾಜಶಾಸ್ತ್ರದ ಕಣ್ಣಿನಿಂದ ನೋಡಿದ. ತೋಟಗಳಲ್ಲಿ ಮೊದಲು ಕಾಣಿಸಿಕೊಂಡ ಮುಂದಾಳು ಆಫ್ರಿಕಾದ ಪೂಜಾರಿ ಅಥವಾ ಮದ್ದಿನವನೇ, ರೋಗಕ್ಕೂ ದುಃಖಕ್ಕೂ ಸೇಡಿಗೂ ಜನ ಹೋಗುತ್ತಿದ್ದದ್ದು ಅವನ ಬಳಿಗೆ, ಕಪ್ಪು ಜನರ ಚರ್ಚು ಮತ್ತು ಬೋಧಕ ಬೆಳೆದದ್ದು ಆ ನೆಲೆಯಿಂದ ಎಂದು 1903ರ ಪುಸ್ತಕದಲ್ಲಿ ವಾದಿಸಿದ. ಕಾಂಜರ್ ಬಗ್ಗೆ ಓದಿದವರಿಗೆ ಮಾರ್ಟಿನ್ ಲೂಥರ್ ಕಿಂಗ್‌ನ ಅಟ್ಲಾಂಟಾದ ಚರ್ಚು ಬೇರೆಯದೇ ಲೋಕವೆಂದು ಕಾಣಬಹುದು. ಡುಬೊಯ್ಸ್‌ನ ಪ್ರಕಾರ ಅದು ಅದೇ ಮರದ ಕೊಂಬೆ.

ಆದರೆ ಈ ವಿದ್ಯೆಯನ್ನು ಬರಿಯ ಪ್ರತಿಭಟನೆಯೆಂದು ಹೊಗಳಿ ಕೈ ತೊಳೆದುಕೊಳ್ಳಲಾಗದು. ಅದರಲ್ಲಿ ವ್ಯಾಪಾರವೂ ಇತ್ತು, ಅಪಾಯವೂ ಇತ್ತು. ದಕ್ಷಿಣ ಕ್ಯಾರೊಲಿನಾದ ಬ್ಯೂಫರ್ಟ್ ಬಳಿಯ ಸೇಂಟ್ ಹೆಲೆನಾ ದ್ವೀಪದಲ್ಲಿ ಸ್ಟೆಫನಿ ರಾಬಿನ್ಸನ್ ಎಂಬ ರೂಟ್ ವೈದ್ಯನಿದ್ದ. ಜನ ಅವನನ್ನು ಡಾಕ್ಟರ್ ಬಜರ್ಡ್ ಎಂದು ಕರೆಯುತ್ತಿದ್ದರು, ರಣಹದ್ದು ವೈದ್ಯ. ಬಣ್ಣದ ಕನ್ನಡಕ ಹಾಕಿದ ಎತ್ತರದ ಮನುಷ್ಯ. ದೂರದ ರಾಜ್ಯಗಳಿಂದ ಅವನಿಗೆ ಕಾಗದಗಳೂ ಹಣವೂ ಬರುತ್ತಿದ್ದವು. ಕೋರ್ಟಿನಲ್ಲಿ ಮೊಕದ್ದಮೆ ಇದ್ದವರ ಪರವಾಗಿ ಬಂದು ಕುಳಿತು ಬೇರು ಅಗಿಯುವುದು ಅವನ ಹೆಸರಾಂತ ಕೆಲಸ. ಬೇರು ಅಗಿದರೆ ನ್ಯಾಯಾಧೀಶನ ಮನಸ್ಸು ಮೆತ್ತಗಾಗುತ್ತದೆ, ಎದುರು ಸಾಕ್ಷಿಯ ನಾಲಗೆ ಕಟ್ಟುತ್ತದೆ ಎಂಬ ನಂಬಿಕೆ.

ಬ್ಯೂಫರ್ಟ್ ಕೌಂಟಿಯ ಶೆರಿಫ್, ಅಂದರೆ ಪೊಲೀಸ್ ಮುಖ್ಯಸ್ಥ, ಜೆ.ಇ. ಮೆಕ್‌ಟೀರ್, 1926ರಿಂದ 1963ರವರೆಗೆ ಆ ಹುದ್ದೆಯಲ್ಲಿದ್ದ ಬಿಳಿಯ. ಎರಡನೆಯ ಮಹಾಯುದ್ಧದ ಹೊತ್ತಿಗೆ ಸೇನೆಗೆ ಕರೆ ಬಂದ ಕೆಲವು ಹುಡುಗರ ಎದೆಬಡಿತ ವೈದ್ಯಕೀಯ ಪರೀಕ್ಷೆಯಲ್ಲಿ ಏರುಪೇರಾಗಿ ಕಂಡಿತು. ರೂಟ್ ವೈದ್ಯರ ಮದ್ದು ಕುಡಿದಿದ್ದರು, ಅದರಲ್ಲಿ ವಿಷವಿತ್ತು. ಬಜರ್ಡ್‌ನ ಮೇಲೂ ಅನುಮಾನ ಬಂತು. ಮೆಕ್‌ಟೀರ್ ಹೇಳುವ ಪ್ರಕಾರ ಅವನ ವಿರುದ್ಧ ನುಡಿಯಲು ಒಬ್ಬ ಸಾಕ್ಷಿಯನ್ನು ತಂದು ನಿಲ್ಲಿಸಿದಾಗ, ಬಜರ್ಡ್ ಕನ್ನಡಕದ ಹಿಂದಿನಿಂದ ಅವನನ್ನೇ ನೋಡಿದ. ಸಾಕ್ಷಿ ನೊರೆ ಕಾರುತ್ತಾ ಸೆಟೆದು ಬಿದ್ದ. ಒಂದು ಮಾತೂ ದಾಖಲಾಗಲಿಲ್ಲ. ಒಂದು ಕಾಲದಲ್ಲಿ ಕಪ್ಪು ಮನುಷ್ಯನ ಆಣೆಯನ್ನು ಸ್ವೀಕರಿಸದಿದ್ದ ರಾಜ್ಯದಲ್ಲಿ ಈಗ ಕಾನೂನಿನ ಆಣೆಗಿಂತ ಕಾಂಜರರನ ಆಣೆಯೇ ಮೇಲಾಗಿತ್ತು.

ಶೆರಿಫ್ ಕೊನೆಗೆ ಗೆದ್ದದ್ದು ಸಣ್ಣ ಬಾಗಿಲಿನಿಂದ. ಪರವಾನಗಿಯಿಲ್ಲದೆ ವೈದ್ಯ ಮಾಡಿದ ಆರೋಪ ಹೊರಿಸಿದ, ಬಜರ್ಡ್ ದಂಡ ಕಟ್ಟಿದ. 1947ರಲ್ಲಿ ಬಜರ್ಡ್ ತೀರಿಕೊಂಡ. ಹುದ್ದೆ ಬಿಟ್ಟ ಮೇಲೆ ಮೆಕ್‌ಟೀರ್ ತಾನು ಲೋಕಂಟ್ರಿಯ, ಅಂದರೆ ಆ ಕಡಲಂಚಿನ ಸೀಮೆಯ, ಮಾಂತ್ರಿಕನಾಗಿ ಕಳೆದ ಐವತ್ತು ವರ್ಷಗಳ ಬಗ್ಗೆ 1976ರಲ್ಲಿ ಒಂದು ಪುಸ್ತಕವನ್ನೇ ಬರೆದ. ರೂಟ್ ಹಾಕಿದ್ದಾರೆಂದು ಹೆದರಿ ಊಟ ನಿದ್ದೆ ಬಿಟ್ಟವರು ಅವನ ಬಾಗಿಲಿಗೆ ಬರುತ್ತಿದ್ದರು. ನಿನ್ನ ಮೇಲೆ ಏನೂ ಇಲ್ಲ, ಎಲ್ಲ ಮೂಢನಂಬಿಕೆ ಎಂದು ಹೇಳಿ ಕಳಿಸಿದರೆ ಅವರು ಸೊರಗುತ್ತಾರೆಂದು ಅಷ್ಟು ವರ್ಷಗಳಲ್ಲಿ ಅವನು ಕಂಡುಕೊಂಡಿದ್ದ. ಬಂದವರನ್ನು ಕೂರಿಸಿ, ಅವರ ಮಾತು ಕೇಳಿ, ತಾನೇ ರೂಟ್ ತೆಗೆಯುತ್ತಿದ್ದ.